ಕಾಪುವಿನ ಕಡಲು, ಕಾರ್ಕಳದ ಬಂಡೆ

ಈಜು, ಸೈಕಲ್ ಸವಾರಿ, ಓಟ ಇವು ಮೂರನ್ನೂ ಎಡೆಬಿಡದೆ ಪೂರೈಸುವ ಸ್ಪರ್ಧೆಯೇ ಟ್ರಯಥ್ಲಾನ್. 1978ರಲ್ಲಿ ಹವಾಯಿಯಲ್ಲಿ ನಡೆದ ಮೊದಲ ಐರನ್‌ಮ್ಯಾನ್ ಸ್ಪರ್ಧೆಗೆ ಇಳಿದವರು 15 ಮಂದಿ. ಗುರಿ ಮುಟ್ಟಿದವರು 12. ಅದರ ಅರ್ಧದ ಅಳತೆಯ ಸ್ಪರ್ಧೆ 2019ರಲ್ಲಿ ಗೋವೆಗೂ ಬಂದಿತು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಐವತ್ತು ದಾಟಿದ ನನಗೆ ಇದೇಕೆಂದು ಮನೆಯವರು ಆತಂಕಪಟ್ಟರು. ವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಉಡುಪಿ ಸೀಮೆಯಲ್ಲಿ ಅಭ್ಯಾಸ ಆರಂಭಿಸಿದೆ.

ಮಳೆಗಾಲ ಕಳೆದು ಕಾಪುವಿನ ಕಡಲು ಶಾಂತವಾದಾಗ, ಮೀನುಗಾರರ ಮಾತು ಕೇಳಿಯೇ ನೀರಿಗಿಳಿಯಬೇಕು. ಅಲೆಗಳ ನಡುವೆ ತಲೆಯೆತ್ತಿದರೆ ದಿಕ್ಕಿಗೆ 1901ರ ದೀಪಸ್ತಂಭವೇ ಗುರುತು. ಅಲ್ಲಿಂದ ಶಿರ್ವದ ಮಾರ್ಗವಾಗಿ ಕಾರ್ಕಳಕ್ಕೆ ಸೈಕಲ್. ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಣಿಸದು. ಆದುದರಿಂದ ನೀರಿನೊಡನೆ ಉಪ್ಪೂ ಬೇಕು. ಕಾರ್ಕಳದ ಬಂಡೆಯ ಮೇಲೆ 1432ರಲ್ಲಿ ಸ್ಥಾಪಿತನಾದ 42 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಗೆದ್ದ ರಾಜ್ಯವನ್ನೇ ತೊರೆದವನ ಎದುರು ಗಡಿಯಾರ ನೋಡುವ ನಮ್ಮ ಅವಸರ ಸಣ್ಣದೆನಿಸುತ್ತದೆ.

ಹಿರಿಯಡಕ, ಪರ್ಕಳ ದಾಟಿ ಮಣಿಪಾಲ. ಅಲ್ಲಿ ಸೈಕಲ್ ಬಿಟ್ಟು ಉಡುಪಿಗೆ ಓಡಿ ಇಳಿದು ಮತ್ತೆ ಏರಬೇಕು. ಆ ಏರಿನಲ್ಲಿ ಕಾಲು ಸೆಳೆದ ದಿನ, ನಡೆದೂ ಗುರಿ ಸೇರಬಹುದೆಂದು ಅರಿತೆ. ಗೋವೆಯ ಬಿಸಿಲಿನಲ್ಲಿ ಕಾಲು ಮತ್ತೆ ಸೆಳೆದಾಗ ಆ ಅರಿವೇ ಆಸರೆಯಾಯಿತು. ಎಂಟೂವರೆ ಗಂಟೆಗಳ ಕಾಲಮಿತಿಗೆ ಕೆಲವೇ ನಿಮಿಷ ಉಳಿದಿರುವಂತೆ, ಕೊನೆಯವರೊಡನೆ ಗುರಿ ಮುಟ್ಟಿದೆ. ಆತಂಕಪಟ್ಟಿದ್ದ ಮನೆಯವರು ಈಗ ನನ್ನೊಡನೆ ಮುಂಜಾನೆ ನಡೆಯಲು ಹೊರಡುತ್ತಾರೆ. ಪದಕಕ್ಕಿಂತ ಇದೇ ಹಿರಿದಾದ ಲಾಭ.