ಗಾಳಿ ಎಲ್ಲಿ ಸೋರುತ್ತಿದೆ?

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು 15ರಿಂದ 20 ಪಟ್ಟು ಹಿಂಡಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಹಿಡಿತವೇ ಕಂಪ್ರೆಷನ್. ನಮ್ಮ ಹಳೆಯ ಪಿಕಪ್ ಗಾಡಿಗೆ ಅದು ಒಂದೇ ದಿನದಲ್ಲಿ ಕೈಕೊಟ್ಟಿತು. ಗಡಗಡ ನಡುಗುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಸೆಲ್ಫ್ ಹೊಡೆದರೆ ಸದ್ದು ಒಮ್ಮೆ ಬಿಗಿ, ಒಮ್ಮೆ ಸಲೀಸು.

‘ಬೋರ್ ಮಾಡಿಸಿಬಿಡಿ ಸಾರ್’ ಎಂದ ಪೇಟೆಯ ಮೆಕ್ಯಾನಿಕ್. ಅಂದರೆ ಒಂದು ಫಸಲಿನ ದುಡ್ಡು. ನಮ್ಮೂರ ಮೇಸ್ತ್ರಿ ಒಪ್ಪಲಿಲ್ಲ. ‘ರಿಂಗು ಸವೆಯೋದು ವರ್ಷಗಟ್ಟಲೆ ಕಣಪ್ಪಾ. ಹೊಗೆ ಬರುತ್ತೆ, ಆಯಿಲ್ ಕುಡಿಯುತ್ತೆ. ನಿನ್ನೆ ನೆಟ್ಟಗಿದ್ದದ್ದು ಇವತ್ತು ಹೋದ್ರೆ ಬೇರೆ ಕಡೆ ನೋಡ್ಬೇಕು.’

ಇಂಜೆಕ್ಟರ್‌ಗಳನ್ನು ಬಿಚ್ಚಿ ಗೇಜ್ ಹಾಕಿದರು. ನಾಲ್ಕರಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಸೊರಗಿದ್ದವು. ಅಷ್ಟಕ್ಕೇ ಅವರ ಮುಖ ಅರಳಿತು. ಪಿಸ್ಟನ್ನನ್ನು ಮೇಲೆ ನಿಲ್ಲಿಸಿ, ವಾಲ್ವ್ ಮುಚ್ಚಿರುವಾಗ ಒಳಗೆ ಗಾಳಿ ಬಿಟ್ಟು ಕಿವಿಗೊಟ್ಟರು. ಏರ್ ಫಿಲ್ಟರಿನಲ್ಲಿ ಬುಸ್ಸೆಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಗ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗು ಇಲ್ಲವೇ ಪಿಸ್ಟನ್. ನಮ್ಮದು ಪಕ್ಕದ ಸಿಲಿಂಡರಿನ ಇಂಜೆಕ್ಟರ್ ತೂತಿನಿಂದಲೇ ಬಂತು. ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು.

ಹೆಡ್ ಸೊಟ್ಟಗಿದೆಯೇ ಎಂದು ಪಟ್ಟಿ ಇಟ್ಟು ನೋಡಿ, ಹೊಸ ಗ್ಯಾಸ್ಕೆಟ್ ಕೂರಿಸಿದ ಮೇಲೂ ಅವರು ಬಿಡಲಿಲ್ಲ. ಸುಟ್ಟದ್ದೇಕೆ ಎಂದು ಹುಡುಕಿದರೆ, ರೇಡಿಯೇಟರಿನ ಕೆಳಗಿನ ಹೋಸು ಸೀಳಿತ್ತು.