ಜೇಡಕ್ಕೊಂದು ಬಟ್ಟಲು ನೀರು

ನಿಮ್ಮ ಮನೆಯ ಬಾಗಿಲಿಗೆ ಬಂದವರು ನೀರು ಕೇಳಿದರೆ ನೀವು ಇಲ್ಲವೆನ್ನುವಿರಾ? ಖಂಡಿತ ಇಲ್ಲವೆನ್ನಲಾರಿರಿ. ನನ್ನ ಬಗ್ಗೆ ನನಗೂ ಅದೇ ನಂಬಿಕೆಯಿತ್ತು. ಆ ನಂಬಿಕೆ ಎಷ್ಟು ಟೊಳ್ಳಾಗಿತ್ತೆಂಬುದನ್ನು ನನಗೆ ತೋರಿಸಿಕೊಟ್ಟದ್ದು ಎಂಟು ಕಾಲಿನ ಒಂದು ಮೂಕಜೀವಿ.

ಶಿಕ್ಷಕ ವೃತ್ತಿಯ ನಿಮಿತ್ತ ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಬಾಳಿ, ಕೊನೆಗೆ ಜಗಳೂರಿನಲ್ಲಿ ನೆಲೆಸಿದವನು. ಚನ್ನಗಿರಿಯಲ್ಲಿದ್ದಾಗ ರಜಾದಿನಗಳಲ್ಲಿ ಸೂಳೆಕೆರೆಯ ಏರಿಯ ಮೇಲೆ ನಿಂತು ಕಣ್ಣು ಹಾಯುವಷ್ಟು ದೂರ ಹರಡಿದ ನೀರನ್ನು ನೋಡುತ್ತಿದ್ದೆ. ಹೊನ್ನಾಳಿಯಲ್ಲಿ ತುಂಗಭದ್ರೆ ಊರಿನ ಮಗ್ಗುಲಲ್ಲೇ ಹರಿಯುತ್ತಿದ್ದಳು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಅಲ್ಲಿಯೂ ನೀರಿಗಾಗಿ ನಾವು ಪರದಾಡಿದ ನೆನಪಿಲ್ಲ. ಜಗಳೂರಿಗೆ ಬಂದ ಮೇಲೆಯೇ ಕೊಡದ ಬೆಲೆ ಏನೆಂದು ತಿಳಿದದ್ದು. 2024ರ ಬೇಸಿಗೆಯನ್ನಂತೂ ಮರೆಯುವಂತಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದ ವರ್ಷವದು. ಚನ್ನಗಿರಿಯ ಸೀಮೆಯಲ್ಲಿಯೇ ರೈತರು ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ತರಿಸುತ್ತಿದ್ದರೆಂದರೆ, ನಮ್ಮ ಜಗಳೂರಿನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಆ ವರ್ಷದ ವಿಭೂತಿ ಬುಧವಾರಕ್ಕೆ ಎರಡು ದಿನ ಮೊದಲು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ಗಾಜಿನ ಪೆಟ್ಟಿಗೆಯೊಂದನ್ನು ಹಿಡಿದು ಬಂದ. ಕೆಲಸದ ನಿಮಿತ್ತ ಎರಡು ತಿಂಗಳು ಹೊರದೇಶಕ್ಕೆ ಹೋಗಬೇಕಾಗಿತ್ತು. "ಮಾಮ, ಇದನ್ನು ನೀವೇ ನೋಡಿಕೊಳ್ಳಬೇಕು" ಎಂದ. ಒಳಗೆ ಅಂಗೈಯಗಲದ, ಮಂಡಿಗಳಲ್ಲಿ ಕೆಂಬಣ್ಣದ ರೋಮವಿದ್ದ ಜೇಡ! ಮೆಕ್ಸಿಕೋ ದೇಶದ ಟರಂಟುಲಾ ಎಂಬ ಜಾತಿಯಂತೆ. ನಮ್ಮ ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕಿದವರ ಬಳಿಯೇ ಹುಟ್ಟಿ ಬೆಳೆದದ್ದು, ಸರ್ಕಾರದಲ್ಲಿ ನೋಂದಣಿಯೂ ಆಗಿದೆ ಎಂದು ಕಾಗದ ತೋರಿಸಿದ. ಈ ಜಾತಿಯ ಹೆಣ್ಣು ಜೇಡ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬದುಕುತ್ತದೆಂದು ಕೇಳಿ ನನ್ನ ಪತ್ನಿ ಎರಡು ಹೆಜ್ಜೆ ಹಿಂದೆ ಸರಿದಳು.

ಅವನು ಬರೆದುಕೊಟ್ಟ ಚೀಟಿಯಲ್ಲಿ ಆಹಾರದ ಮಾತು ಎರಡೇ ಸಾಲು, ಉಳಿದದ್ದೆಲ್ಲ ನೀರಿನದು. ಆಳವಿಲ್ಲದ ಬಟ್ಟಲಿನಲ್ಲಿ ಸದಾ ಶುದ್ಧ ನೀರಿರಬೇಕು. ಹತ್ತಿಯನ್ನಾಗಲಿ ಸ್ಪಂಜನ್ನಾಗಲಿ ನೆನೆಸಿ ಇಡಬಾರದು, ಅದು ಕೊಳೆತು ರೋಗಕ್ಕೆ ದಾರಿಯಾಗುತ್ತದೆ. ಆಹಾರಕ್ಕೆಂದು ಬಿಟ್ಟ ಹುಳು ಮುಳುಗಿ ನೀರು ಕೆಡದಂತೆ ಬಟ್ಟಲಿನಲ್ಲೊಂದು ಕಲ್ಲು ಇಡಬೇಕು. ಪೆಟ್ಟಿಗೆಯನ್ನೆಲ್ಲ ತೋಯಿಸಬಾರದು, ಇದು ಒಣನೆಲದ ಪ್ರಾಣಿ. ಪೊರೆ ಕಳಚುವ ಮುನ್ನ ವಾರಗಟ್ಟಲೆ ಉಪವಾಸವಿದ್ದೀತು, ಹೆದರಬೇಕಿಲ್ಲ. ಆದರೆ ಆಗಲೂ ಬಟ್ಟಲು ಬತ್ತಬಾರದು.

ನಾನು ಕೆಲವು ದಿನ ಶ್ರದ್ಧೆಯಿಂದಲೇ ನೀರಿಟ್ಟೆ. ಅಷ್ಟರಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತಿತು. ಟ್ಯಾಂಕರಿಗಾಗಿ ಕಾಯುವ ದಿನಗಳು ಬಂದವು. "ಮನುಷ್ಯರಿಗೇ ನೀರಿಲ್ಲದಾಗ ಜೇಡಕ್ಕೆಲ್ಲಿಯ ನೀರು ಕಣ್ರೀ?" ಎಂದಳು ಪತ್ನಿ. ನನಗೂ ಅದು ಸರಿಯೆನಿಸಿತು. ಜೇಡ ಹೇಗೂ ಹುಳುವನ್ನು ಮುಟ್ಟುತ್ತಿರಲಿಲ್ಲ, ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. ಬಟ್ಟಲು ಒಣಗಿತು. ಮೂರು ನಾಲ್ಕು ವಾರ ನಾನು ಅತ್ತ ತಿರುಗಿಯೂ ನೋಡಲಿಲ್ಲ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಅದೇ ದಿನಗಳಲ್ಲಿ ಹಿಂದಿನ ಬೀದಿಯ ತಾಯಿಯೊಬ್ಬರು ಕೊಡ ಹಿಡಿದು ಬಂದರು. ಮನೆಯಲ್ಲಿ ಮಗುವಿಗೆ ಜ್ವರ, ಒಂದೇ ಒಂದು ಕೊಡ ನೀರು ಕೊಡಿ ಮೇಷ್ಟ್ರೇ, ಟ್ಯಾಂಕರು ಬಂದ ಕೂಡಲೇ ಹಿಂದಿರುಗಿಸುತ್ತೇನೆ ಎಂದು ಬೇಡಿದರು. ನಮ್ಮ ಡ್ರಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. "ನಮಗೇ ಸಾಲದಮ್ಮ" ಎಂದುಬಿಟ್ಟೆ. ಆಕೆ ಮರುಮಾತಾಡದೆ ಹೊರಟುಹೋದರು. ಆ ಸಂಜೆಯೂ ನಾನು ತಪ್ಪದೆ ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿ ಭಾಗವಹಿಸಿದೆ.

ಒಂದು ರಾತ್ರಿ ಏಕೋ ಪೆಟ್ಟಿಗೆಯತ್ತ ದೀಪ ಹಿಡಿದೆ. ಜೇಡದ ಎಂಟೂ ಕಾಲುಗಳು ಹೊಟ್ಟೆಯ ಕೆಳಗೆ ಮುಷ್ಟಿಯಂತೆ ಮಡಚಿಕೊಂಡಿದ್ದವು. ಎದೆ ಧಸಕ್ಕೆಂದಿತು. ಚೀಟಿಯನ್ನು ಹುಡುಕಿ ತೆಗೆದೆ. ಅದರ ಕೊನೆಯ ಸಾಲುಗಳನ್ನು ನಾನು ಮೊದಲು ಗಮನವಿಟ್ಟು ಓದಿರಲೇ ಇಲ್ಲ. ಜೇಡದ ಕಾಲನ್ನು ಮಡಚಲು ಸ್ನಾಯುಗಳುಂಟು. ಆದರೆ ಮುಖ್ಯ ಕೀಲುಗಳನ್ನು ಚಾಚಲು ಸ್ನಾಯುಗಳಿಲ್ಲ. ದೇಹದೊಳಗಿನ ದ್ರವದ ಒತ್ತಡದಿಂದಲೇ ಅದು ಕಾಲು ಚಾಚುತ್ತದೆ. ನೀರು ಬತ್ತಿದರೆ ಒತ್ತಡ ಕುಸಿಯುತ್ತದೆ, ಕಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಅಂದರೆ ಬಾಯಾರಿದ ಜೇಡಕ್ಕೆ ನೀರಿನೆಡೆಗೆ ನಡೆದುಹೋಗುವ ಶಕ್ತಿಯೂ ಉಳಿದಿರುವುದಿಲ್ಲ. ನೀರೇ ಅದರ ಬಳಿಗೆ ಬರಬೇಕು.

ನಡುಗುವ ಕೈಯಿಂದ ಬಟ್ಟಲು ತುಂಬಿಸಿ, ಉದ್ದನೆಯ ಸೌಟಿನಿಂದ ಅದನ್ನು ಜೇಡದ ಬಾಯಿಯ ಬಳಿಗೆ ತಳ್ಳಿದೆ. ಅದರ ಮುಂಭಾಗವನ್ನು ಮೆಲ್ಲನೆ ಎತ್ತಿ ನೀರಿನ ಅಂಚಿಗೆ ತಾಗಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಂಗಾಲೊಂದು ಕೂದಲೆಳೆಯಷ್ಟು ಅಲುಗಿತು. ನನ್ನ ಪತ್ನಿಯೂ ಎದ್ದು ಬಂದು ಪಕ್ಕದಲ್ಲಿ ಕುಳಿತಳು. ಬೆಳಗಿನ ಹೊತ್ತಿಗೆ ಜೇಡ ಕಾಲು ಚಾಚಿ, ಬಟ್ಟಲಿಗೆ ಎದೆಯೊಡ್ಡಿ ಕುಡಿಯುತ್ತಿತ್ತು. "ಪಾಪ, ಎಷ್ಟು ಬಾಯಾರಿತ್ತೋ" ಎಂದಳು ಅವಳು. ನಾನು ಆ ಬಟ್ಟಲನ್ನು ಅಳೆದು ನೋಡಿದೆ: ನಾಲ್ಕು ಚಮಚ ನೀರು. ಲೋಟ ತೊಳೆಯುವಾಗ ನಾವು ಚೆಲ್ಲುವುದು ಅದಕ್ಕಿಂತ ಹೆಚ್ಚು.

ಆಗ ನನಗೆ ಆದಿಕಾಂಡದ ರೆಬೆಕ್ಕಳ ನೆನಪಾಯಿತು. ಅಬ್ರಹಾಮನ ಸೇವಕ ಬಾವಿಯ ಬಳಿ ಕೇಳಿದ್ದು ತನಗೊಂದಿಷ್ಟು ನೀರನ್ನು ಮಾತ್ರ. ಆಕೆಯೋ ಅವನ ಹತ್ತು ಒಂಟೆಗಳಿಗೂ, ಕೇಳದೆಯೇ, ತೃಪ್ತಿಯಾಗುವ ತನಕ ಸೇದಿ ಹಾಕಿದಳು. ನಾನು ಕೇಳಿದವರಿಗೂ ಕೊಡಲಿಲ್ಲ, ಕೇಳಲಾರದ ಜೀವಿಗೂ ಕೊಡಲಿಲ್ಲ. ಒಂದು ಬಟ್ಟಲು ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ಪ್ರಭು ಯೇಸು ಹೇಳಿದ್ದನ್ನು ತರಗತಿಯಲ್ಲಿ ಎಷ್ಟು ಬಾರಿ ಕಥೆಯಾಗಿ ಹೇಳಿದ್ದೆನೋ! ಬತ್ತಿದ್ದು ಕೊಳವೆಬಾವಿ ಮಾತ್ರವಾಗಿರಲಿಲ್ಲ.

ಸೂರ್ಯ ಮೇಲೇರುವ ಮೊದಲೇ ಒಂದು ಕೊಡ ನೀರು ಹೊತ್ತು ಹಿಂದಿನ ಬೀದಿಗೆ ಹೋದೆ. ಮಗುವಿನ ಜ್ವರ ಇಳಿದಿತ್ತು. ಬೇರೊಂದು ಮನೆಯವರು ನೀರು ಕೊಟ್ಟಿದ್ದರಂತೆ. ಕ್ಷಮೆ ಕೇಳಲು ನನಗೆ ಮಾತು ಹೊರಡಲಿಲ್ಲ. ಆ ತಾಯಿ ಕೊಡ ಇಳಿಸಿಕೊಂಡು, "ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳಿ ಮೇಷ್ಟ್ರೇ" ಎಂದು ಅದೇ ನೀರಿನಿಂದ ಒಂದು ಲೋಟ ತುಂಬಿ ಮೊದಲು ನನಗೇ ಕೊಟ್ಟರು. ಆ ಲೋಟ ಇಂದಿಗೂ ನನ್ನ ಕಣ್ಣ ಮುಂದಿದೆ.

ಏಪ್ರಿಲಿನಲ್ಲಿ ಜೇಡ ಪೊರೆ ಕಳಚಿ ಹೊಸ ಬಣ್ಣದಲ್ಲಿ ಹೊಳೆಯಿತು. ಅಕ್ಕನ ಮಗ ಬಂದಾಗ ನಡೆದುದೆಲ್ಲವನ್ನೂ ಹೇಳಿ ಒಪ್ಪಿಸಿದೆ. ಪೆಟ್ಟಿಗೆ ಹೋದರೂ ಬಟ್ಟಲು ನಮ್ಮಲ್ಲೇ ಉಳಿಯಿತು. ಈಗ ಅದು ಕಾಂಪೌಂಡಿನ ನೆರಳಿನಲ್ಲಿದೆ. ಪಕ್ಕದಲ್ಲಿ ಹಕ್ಕಿಗಳಿಗೊಂದು ಮಣ್ಣಿನ ಬೋಗುಣಿ, ಬೀದಿ ನಾಯಿಗಳಿಗೂ ದನಗಳಿಗೂ ಒಂದು ತೊಟ್ಟಿ. ಜೇನ್ನೊಣಗಳು ಕುಳಿತು ಕುಡಿಯಲೆಂದು ಬೋಗುಣಿಯಲ್ಲೂ ಕಲ್ಲಿಟ್ಟಿದ್ದೇವೆ. ಸೊಳ್ಳೆ ಮರಿ ಮಾಡದಂತೆ ದಿನವೂ ನೀರು ಬದಲಿಸಿ, ಹಳೆಯದನ್ನು ಗಿಡಕ್ಕೆ ಸುರಿಯುತ್ತೇವೆ, ಹನಿಯೂ ವ್ಯರ್ಥವಾಗುವುದಿಲ್ಲ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳಿವೆ. ಅವುಗಳಿಗಾಗಿಯೇ 2011ರಲ್ಲಿ ಅದು ವನ್ಯಧಾಮವಾಯಿತು. ಅವೂ ಇದೇ ಬಿಸಿಲಿನಲ್ಲಿ ಬಾಯಾರುವ ನಮ್ಮ ನೆರೆಹೊರೆಯವರೇ ಅಲ್ಲವೇ?

ಜಗಳೂರಿನ 57 ಕೆರೆಗಳನ್ನು ತುಂಬಿಸಲು ತುಂಗಭದ್ರೆಯ ನೀರನ್ನು ಹರಿಹರದ ಬಳಿ ಮೇಲೆತ್ತುವ ಯೋಜನೆ ರೂಪುಗೊಂಡಿತು. ಹೊನ್ನಾಳಿಯಲ್ಲಿ ನಾನು ಅಂದು ಕಾಲು ತೊಳೆದ ನದಿಯೇ ಈ ಬರದ ನಾಡಿನ ಬಾಗಿಲಿಗೆ ಬರುವುದೆಂದರೆ ಎಂಥ ಕೃಪೆ! ಆದರೆ ನದಿ ಬಂದರೂ ಬಾಯಾರಿದವರ ಬಳಿಗೆ ಕೊನೆಯ ನಾಲ್ಕು ಹೆಜ್ಜೆ ನೀರನ್ನು ಒಯ್ಯಬೇಕಾದವರು ನಾವೇ.

ಪ್ರಿಯ ಓದುಗರೇ, ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಮುಂದೆಯೂ ಒಂದು ಬಟ್ಟಲಿರಲಿ. ಅದನ್ನು ತುಂಬುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಮತ್ತು ಅದನ್ನು ತುಂಬುವಾಗಲೆಲ್ಲ, ನಡೆದು ಬಂದು ಕೇಳುವ ಶಕ್ತಿಯಿಲ್ಲದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆಂದು ಒಮ್ಮೆ ನೆನೆಯೋಣ. ಶಿಲುಬೆಯ ಮೇಲೆ ತನಗೆ ದಾಹವೆಂದ ಪ್ರಭು ಅವರಲ್ಲಿಯೇ ನಮಗಾಗಿ ಕಾದಿರುವನು.