ಬಣ್ಣ ಹೀರುವ ಹಸಿರು

ಚಾಮರಾಜನಗರ ಬಿಟ್ಟ ಬಸ್ಸು ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಬಂತು. ಅಲ್ಲಿಂದ ತಿರುಪ್ಪೂರು, ಮುಂದೆ ಒರತ್ತುಪಾಳೆಯಂ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಕರೂರು ಸೀಮೆಯಲ್ಲಿ ನಮ್ಮ ಕಾವೇರಿಯನ್ನೇ ಸೇರುವ ನೊಯ್ಯಲ್ ಹೊಳೆಗೆ ಇಲ್ಲಿ 1992ರಲ್ಲಿ ಅಣೆಕಟ್ಟು ಕಟ್ಟಿದರು. ಗದ್ದೆಗೆಂದು ಕಟ್ಟಿದ್ದರಲ್ಲಿ ಬನಿಯನ್ ಊರಾದ ತಿರುಪ್ಪೂರಿನ ಬಣ್ಣದ ನೀರು ಬಂದು ನಿಂತಿತು.

ಕೊಂಗುನಾಡಿನ ದೇವಾಂಗ ನೇಕಾರರ ಮನೆಮಾತು ಕನ್ನಡ. ದಾರಿಯಲ್ಲಿ ಸಿಕ್ಕ ಅಂಥ ಅಜ್ಜರೊಬ್ಬರು, "ಬಾವಿ ನೀರಲ್ಲಿ ಬೇಳೆ ಬೇಯಲ್ಲ ಕಣಪ್ಪಾ" ಎಂದರು. ಅಷ್ಟರಲ್ಲೇ ಎಲ್ಲ ತಿಳಿಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಒಂದು ಹನಿ ಕೊಳಕು ನೀರನ್ನೂ ಹೊರಬಿಡದವರಿಗಷ್ಟೇ ಮತ್ತೆ ಬಾಗಿಲು ತೆರೆಯುವ ಅವಕಾಶ.

ಅಜ್ಜರನ್ನು ಕಂಡ ಮರುದಿನ ಕೊಯಮತ್ತೂರಿನ ಪ್ರಯೋಗಾಲಯವೊಂದರಲ್ಲಿ ಕಂಡದ್ದನ್ನು ಮಾತ್ರ ಮರೆಯಲಾರೆ. ಕಿಟಕಿಯ ಬಿಸಿಲಿಗೆ ಸಾಲಾಗಿ ಗಾಜಿನ ಬಾಟಲಿಗಳು. ಮೊದಲನೆಯದರಲ್ಲಿ ಕುಂಕುಮ ಕದಡಿದಂಥ ನೀರು. ಕೊನೆಯದರಲ್ಲಿ ತಳಕ್ಕೆ ಹಸಿರು ಕೂತು, ಮೇಲೆ ತಿಳಿನೀರು! ನಡುವಿನ ಬಾಟಲಿಗಳಲ್ಲಿ ಕೆಂಪು ದಿನದಿನಕ್ಕೆ ಕರಗುತ್ತ ಬಂದಿತ್ತು. ಕೆಲಸ ಮಾಡಿದ್ದು ಕ್ಲೋರೆಲ್ಲಾ ಎಂಬ ಪಾಚಿ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹಸಿರು ಮಣಿಗಳು, ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಚಿಕ್ಕದು. ಅವುಗಳ ಕೋಶಭಿತ್ತಿಯೇ ಬಣ್ಣದ ಅಣುಗಳನ್ನು ಅಂಟಿಸಿಕೊಳ್ಳುತ್ತದೆ; ಒಣಗಿಸಿ ಪುಡಿ ಮಾಡಿದ ಸತ್ತ ಪಾಚಿಯೂ ಈ ಕೆಲಸ ಬಿಡುವುದಿಲ್ಲ. ಜೀವಂತ ಪಾಚಿ ಇನ್ನೊಂದು ಹೆಜ್ಜೆ ಮುಂದೆ. ಬಟ್ಟೆಗೆ ಬಳಸುವ ಅಜೋ ಎಂಬ ಬಣ್ಣಗಳಿಗೆ ರಂಗು ಬರುವುದು ಎರಡು ಸಾರಜನಕ ಪರಮಾಣುಗಳ ಬೆಸುಗೆಯಿಂದ. ಕೆಲವು ಪಾಚಿಗಳ ಕಿಣ್ವ ಆ ಬೆಸುಗೆಯನ್ನೇ ಬಿಡಿಸುತ್ತದೆ. ಬಿಸಿಲು, ಗಾಳಿ, ಒಂದಿಷ್ಟು ಸಾರಜನಕ, ರಂಜಕ: ಇಷ್ಟರಲ್ಲೇ ಬದುಕುವ ಜೀವಿ ಇಷ್ಟು ಮಾಡುತ್ತದೆಂದರೆ ಕೈಮುಗಿಯಬೇಕೆನಿಸಿತು.

ಆದರೂ ಅಜ್ಜರ ಬೇಳೆಯ ಮಾತು ಕಿವಿ ಬಿಡಲಿಲ್ಲ: ಬಾವಿ ಕೆಡಿಸಿದ್ದು ಬಣ್ಣವಷ್ಟೇ ಅಲ್ಲ, ಉಪ್ಪೂ ಹೌದು. ಹತ್ತಿಗೆ ಬಣ್ಣ ಹಿಡಿಸಲು ಸುರಿಯುವ ಉಪ್ಪನ್ನು ಪಾಚಿ ತೆಗೆಯಲಾರದು. ಅದಕ್ಕೆ ಯಂತ್ರದ ಸೋಸುವಿಕೆಯೇ ಬೇಕು. ಒಡೆದ ಬಣ್ಣದ ಚೂರುಗಳು ಕೆಲವೊಮ್ಮೆ ಬಣ್ಣಕ್ಕಿಂತ ವಿಷ. ನೀರು ತಿಳಿಯಾಯಿತೆಂದು ಪರೀಕ್ಷೆ ಮಾಡದೆ ಬಿಡುವಂತಿಲ್ಲ.

ಪಾಚಿಯ ಕೊಳ ಇರಬೇಕಾದದ್ದು ಕಾರ್ಖಾನೆಯ ಬೇಲಿಯೊಳಗೆ, ಹೊಳೆಯ ದಡದಲ್ಲಲ್ಲ.